ಬಿಳಿ ಐದರ ಹಾಡು

ವಾರವಿಡೀ ಪತ್ರಿಕೆಗೆ ವರದಿ, ಭಾನುವಾರ ಮದುವೆ ಹಾಲ್‌ಗಳಲ್ಲಿ ಕೀಬೋರ್ಡ್. ಹದಿನೆಂಟು ವರ್ಷಗಳಿಂದ ಹೀಗೇ ನಡೆದಿದೆ. ಈಚೆಗೆ ಸೋಮವಾರ ಬೆಳಿಗ್ಗೆ ಬೆನ್ನು ಏಳುವುದಿಲ್ಲ. ಹೊಸದಾಗಿ ವೇದಿಕೆ ಹತ್ತುವವರು ಸಲಹೆ ಕೇಳಿದರೆ ಹೇಳಲು ಹೆಚ್ಚೇನಿಲ್ಲ. ವಯರು ನಿಮ್ಮದೇ ಇರಲಿ. ಏರುದನಿಯ ಹಾಡಿನಿಂದ ಶುರು ಮಾಡಬೇಡಿ. ಜನ ಊಟಕ್ಕೆ ಎದ್ದು ಹೋದರೆ ಬೇಸರಿಸಬೇಡಿ. ಅವರು ಬಂದದ್ದು ಮದುವೆಗೆ. ಶ್ರುತಿ ಬದಲಿಸುವುದಿದ್ದರೆ ಮೊದಲೇ ಎಲ್ಲರಿಗೂ ಹೇಳಿ. ಈ ಕೊನೆಯದನ್ನು ನಾನು ತಡವಾಗಿ ಕಲಿತೆ.

ನಮ್ಮ ತಂಡದ ಗಾಯಕಿ ಕನ್ನಡ ಶಾಲೆಯಿಂದ ನಿವೃತ್ತರಾದ ಟೀಚರ್. ಬೇರೆಯವರ ಹಾಡುಗಳ ನಡುವೆ, ತಾವೇ ಬರೆದು ರಾಗ ಹಾಕಿದ ಒಂದನ್ನು ಪ್ರತಿ ಕಾರ್ಯಕ್ರಮದಲ್ಲೂ ಹಾಡುತ್ತಿದ್ದರು. ಅದರ ಶ್ರುತಿ ಬಿಳಿ ಐದು, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆ. ಚರಣದ ಕೊನೆಯ ಸಾಲು ಬಹಳ ಮೇಲಕ್ಕೆ ಹೋಗುತ್ತದೆ. ಕಳೆದ ವರ್ಷ ಎರಡು ಕಡೆ ಆ ಸಾಲಿನಲ್ಲಿ ಅವರ ದನಿ ಒಡೆಯಿತು. ಸ್ವಲ್ಪ ಇಳಿಸೋಣವೇ ಎಂದು ಕೇಳಿದೆ.

"ಇಳಿಸಿದರೆ ಅದು ನನ್ನ ಹಾಡೇ ಅಲ್ಲ. ಆಗದ ದಿನ ನಾನು ಹಾಡುವುದನ್ನೇ ಬಿಡ್ತೇನೆ," ಎಂದರು.

ಸುಮ್ಮನೆ ಹೇಳುವವರಲ್ಲ ಅವರು. ಆದ್ದರಿಂದಲೇ ಮುಂದಿನ ಕಾರ್ಯಕ್ರಮದಲ್ಲಿ, ನಾಯ್ಮಾರ್ಮೂಲೆಯ ಹಾಲ್‌ನಲ್ಲಿ, ಅವರಿಗೆ ತಿಳಿಸದೆ ಇಳಿಸಿದೆ. ಕೀಬೋರ್ಡಿನ ಒಂದು ಗುಂಡಿಯನ್ನು ಎರಡು ಸಲ ಒತ್ತಿದರೆ ಸಾಕು. ಬೆರಳು ಹಳೆಯ ಜಾಗದಲ್ಲೇ ಓಡುತ್ತದೆ, ಶ್ರುತಿ ಮಾತ್ರ ಬಿಳಿ ನಾಲ್ಕು. ಪಲ್ಲವಿ ಸರಾಗವಾಗಿ ಹೋಯಿತು. ಆಮೇಲೆ ಕೊಳಲು. ಕೊಳಲಿನವರಿಗೂ ನಾನು ಹೇಳಿರಲಿಲ್ಲ. ಅವರು ವಾಡಿಕೆಯಂತೆ ಐದರ ಕೊಳಲು ಊದಿದರು. ಎರಡೇ ಸ್ವರಕ್ಕೆ ನಿಲ್ಲಿಸಿ ನನ್ನ ಕಡೆ ಬಾಗಿದರು.

"ಎಂತ ಮಾರಾಯ್ರೇ, ನೀವು ಯಾವ ಊರಲ್ಲಿದ್ದೀರಿ?"

ಟೀಚರ್ ಹಾಡು ನಿಲ್ಲಿಸಿ ನನ್ನ ಬೆರಳುಗಳನ್ನು ನೋಡಿದರು. ಬಳಿಕ ಗುಂಡಿಯ ಮೇಲೆ ಹೊಳೆಯುತ್ತಿದ್ದ ಅಂಕಿಯನ್ನು ನೋಡಿದರು. ಎದುರಿನ ಕುರ್ಚಿಗಳಲ್ಲಿ ಉಳಿದಿದ್ದ ಹತ್ತಿಪ್ಪತ್ತು ಜನ ಸೆಖೆಗೆ ಗಾಳಿ ಹಾಕಿಕೊಳ್ಳುತ್ತಿದ್ದರು. ಯಾರಿಗೂ ಏನೂ ಗೊತ್ತಾದಂತಿರಲಿಲ್ಲ.

"ಐದಕ್ಕೆ ತಾ," ಎಂದರು.

ಐದಕ್ಕೆ ತಂದೆ. ಅವರು ಮತ್ತೆ ಮೊದಲಿನಿಂದ ಹಾಡಿದರು. ಕೊನೆಯ ಸಾಲು ಬರುವ ಹೊತ್ತಿಗೆ ಅವರು ಮೈಕ್ ಕೆಳಗಿಳಿಸಿ ಕೊಳಲಿನವರ ಕಡೆ ತಿರುಗಿದರು.

"ಇದನ್ನು ನೀವು ನುಡಿಸಿ."

ಕೊಳಲಿನವರು ನುಡಿಸಿದರು. ಟೀಚರ್ ಇಡೀ ಹಾಡನ್ನು ಬರೆದದ್ದೇ ಆ ಒಂದು ಸಾಲಿಗಾಗಿ. ಅಂದು ಅದು ಮಾತಿಲ್ಲದೆ ಹೋಯಿತು. ಪಲ್ಲವಿಗೆ ಅವರು ಮತ್ತೆ ಮೈಕ್ ಎತ್ತಿದರು.

ಹಿಂದಿರುಗುವಾಗ ಕಾರಿನಲ್ಲಿ ಟೀಚರ್ ಬಳಿ ತಪ್ಪಾಯಿತೆಂದು ಹೇಳಿದೆ. ಕಿಟಕಿಯಾಚೆ ನೋಡುತ್ತಿದ್ದವರು, ಕೊಳಲಿನವರಿಗಾದರೂ ಹೇಳಬಹುದಿತ್ತಲ್ಲ ಎಂದರು.

ಇನ್ನು ಅವರು ಬರುವುದಿಲ್ಲ ಎಂದುಕೊಂಡಿದ್ದೆ. ಗುರುವಾರ ಮುಂದಿನ ಭಾನುವಾರದ ಹಾಡುಗಳ ಪಟ್ಟಿ ಫೋನಿಗೆ ಬಂತು. ತಮ್ಮ ಹಾಡಿನ ಎದುರು ಅವರು ಬರೆದಿದ್ದರು: ಬಿಳಿ ಐದು, ಕೊನೆಯ ಸಾಲು ಕೊಳಲು.