ರೋಸ್ವಿತಾ ಟೀಚರ ‘ಪ್ರೀತಿಯ’

ಜರ್ಮನಿಯ ಗ್ಯೋರ್ಲಿಟ್ಸ್ ಊರಿನ ಸಂಜೆಶಾಲೆಯಲ್ಲಿ ಹೊರದೇಶದವರಿಗೆ ಜರ್ಮನ್ ಕಲಿಸುವ ರೋಸ್ವಿತಾಗೆ ಅರವತ್ತೆಂಟು. ಕಾಗದದ ಮೊದಲಿಗೆ ಬರೆಯುವ ‘ಲೀಬ್’ ಅಂದರೆ ಪ್ರೀತಿಯ. ಆದರೆ ಆ ಪದ ಸುಮ್ಮನೆ ನಿಲ್ಲುವ ಜಾತಿಯದಲ್ಲ. ಕಾಗದ ಗಂಡಸಿಗಾದರೆ ‘ಲೀಬರ್’, ಹೆಂಗಸಿಗೆ ‘ಲೀಬೆ’, ಮಗುವಿಗೆ ‘ಲೀಬೆಸ್’. ವಿಭಕ್ತಿ ಬದಲಾದರೆ ಬಾಲವೂ ಬದಲು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು. ದೀಪದ ಬುಡ ಮಾತ್ರ ಕತ್ತಲೆ.

ಮೇಲಿನ ಮನೆಯಲ್ಲಿ ಎಕಾರ್ಟ್ ನೋವಾಕ್, ಹೆಂಡತಿ ತೀರಿಕೊಂಡ ಗಡಿಯಾರ ರಿಪೇರಿಯವ. ಮೆಟ್ಟಿಲು ಗುಡಿಸುವ ಸರದಿ ರೋಸ್ವಿತಾಳದಾದ ವಾರದಲ್ಲೂ ತಾನೇ ಗುಡಿಸಿಬಿಡುತ್ತಿದ್ದ. ಅವಳು ಪ್ಲಮ್ ಕೇಕ್ ಮಾಡಿದರೆ ಅವನ ಬಾಗಿಲಿಗೆ ಒಂದು ತುಂಡು. ಆದರೂ ಹನ್ನೊಂದು ವರ್ಷದಿಂದ ಮಾತೆಲ್ಲ ‘ನೀವು’, ಕ್ರಿಸ್ಮಸ್ ಕಾರ್ಡಿನಲ್ಲಿ ‘ಮಾನ್ಯರೇ’. ಅಲ್ಲಿ ‘ನೀನು’ಗೆ ಇಳಿಯುವುದು ಹುಡುಗಾಟವಲ್ಲ, ಒಬ್ಬರು ಬಾಯಿಬಿಟ್ಟು ಕೇಳಬೇಕು, ಕೇಳುವ ಹಕ್ಕು ಹಿರಿಯರದು. ಅವನು ಮೂರು ವರ್ಷ ದೊಡ್ಡವ. ಕಾದಳು, ಪುಣ್ಯಾತ್ಗಿತ್ತಿ.

ಈ ಸೆಪ್ಟೆಂಬರಿನಲ್ಲಿ ಮೆಟ್ಟಿಲ ಮೇಲೆ ಸಿಕ್ಕ ಅವನು ಅಂದ: “ರೋಸ್ಟಾಕ್‌ನಲ್ಲಿ ಮಗಳ ಹತ್ತಿರ ಒಂದು ಮನೆ ನೋಡಿದೀನಿ. ಸೋಮವಾರದೊಳಗೆ ಹೂಂ ಅನ್ಬೇಕಂತೆ. ಇಲ್ಲಿ ನನ್ನ ಹಿಡಿದಿಡೋರು ಯಾರಿದಾರೆ, ಹೇಳಿ.”

“ಅಲ್ಲಿ ಸಮುದ್ರದ ಗಾಳಿ ಒಳ್ಳೇದಂತೆ,” ಅಂದುಬಿಟ್ಟಳು. ಒಳಗೆ ಬಂದು ತನ್ನ ನಾಲಿಗೆಗೇ ಶಾಪ ಹಾಕಿಕೊಂಡಳು.

ಆ ಸಂಜೆ ತರಗತಿಯಲ್ಲಿ ಕಾಗದ ಬರೆಯುವ ಪಾಠ. ಬೇಕರಿಯಲ್ಲಿ ದುಡಿಯುವ ಎರಿಟ್ರಿಯಾದ ಲೆತಾಯ್ ಕೇಳಿದಳು: “ನಾವೆಲ್ಲ ಬರೆದ್ವಿ ಟೀಚರ್. ನೀವು ಯಾರಿಗೆ ಬರೀತೀರಿ?”

“ನನಗ್ಯಾರಿದಾರಮ್ಮ.”

“ಮತ್ತೆ ಬೋರ್ಡ್ ಮೇಲೆ ಯಾವಾಗ್ಲೂ ‘ಪ್ರೀತಿಯ ನೆರೆಮನೆಯವರೇ’ ಅಂತಾನೇ ಬರೀತೀರಲ್ಲ?”

ತರಗತಿ ಗೊಳ್ಳೆಂದಿತು. ಟೀಚರ್ ಮುಖ ಕೆಂಪಾಯಿತು.

ಮರುದಿನ ಬೆಳಿಗ್ಗೆ ಒಂದು ಕಾರ್ಡಿನಲ್ಲಿ ಬರೆದಳು: ‘ಪ್ರೀತಿಯ ಎಕಾರ್ಟ್, ಭಾನುವಾರ ನಾಲ್ಕಕ್ಕೆ ಕಾಫಿಗೆ ನೀನು ಬಾ.’ ಅವನ ಅಂಚೆಡಬ್ಬಿಗೆ ಹಾಕಿದ್ದೇ ತಡ, ಹೆಣಿಗೆ ಕಡ್ಡಿ ತೂರಿಸಿ ವಾಪಸ್ ತೆಗೆಯಲು ನೋಡಿದಳು. ಬರಲಿಲ್ಲ.

ಭಾನುವಾರ ಸರಿಯಾಗಿ ನಾಲ್ಕಕ್ಕೆ ಅವನು ಟೈ ಕಟ್ಟಿಕೊಂಡು, ಕಾರ್ಡು ಹಿಡಿದು ಬಾಗಿಲಲ್ಲಿ ನಿಂತಿದ್ದ. “ಹನ್ನೊಂದು ವರ್ಷ ಬೇಕಾಯ್ತಾ ನಿಮಗೆ?”

“ದೊಡ್ಡೋರು ನೀವು. ನೀವಲ್ವಾ ಮೊದಲು ಕೇಳ್ಬೇಕಿದ್ದು?”

“ಹೆಂಗಸರೇ ಮೊದಲು ಕೇಳ್ಬೇಕು ಅಂತ ನಮ್ಮಮ್ಮ ಹೇಳಿಕೊಟ್ಟಿದ್ಲು.”

ಇಬ್ಬರೂ ಮುಖಮುಖ ನೋಡಿಕೊಂಡರು. ಎಂಥ ಪೆದ್ದರಪ್ಪ ನಾವು ಎಂದು ನಗು ಬಂತು. ನಗುತ್ತಲೇ ಅವಳಿಗೆ ಕಣ್ಣು ತುಂಬಿತು. “ಬಾ, ಕೂತ್ಕೋ,” ಅಂದಳು.

ಎರಡು ತುಂಡು ಕೇಕ್ ಮುಗಿಸಿ ಅವನು ಕೇಳಿದ: “ಮುಂದಿನ ಭಾನುವಾರನೂ ಬರ್ಲಾ?”

“ಎಲ್ಲಿಂದ, ರೋಸ್ಟಾಕ್‌ನಿಂದಾ?”

“ಮೇಲಿನ ಮನೆಯಿಂದ ಕಣೇ.”