ಸೀಸದ ಗುಂಡಿಗೆ ದೃಷ್ಟಿ ತೆಗೆದದ್ದು

ಬ್ಯಾಡಗಿಯ ನಮ್ಮ ಹಿತ್ತಲಲ್ಲಿ ಅಂದು ನಾನಿದ್ದೆ, ಅವ್ವ ಇದ್ದಳು, ರಾಣೆಬೆನ್ನೂರಿನಿಂದ ಬಂದಿದ್ದ ಅಕ್ಕನ ಗಂಡ, ನಮ್ಮ ಮಾಮಾನೂ ಇದ್ದರು. ಮರುದಿನ ಗುತ್ತಲದ ಕಡೆ ಹೊಳೆಗೆ ಮೀನು ಹಿಡಿಯಲು ಹೋಗುವುದಿತ್ತು. ಗಾಳದ ದಾರ ತಳಕ್ಕಿಳಿಯಬೇಕಾದರೆ ಸೀಸದ ಗುಂಡು ಬೇಕೇ ಬೇಕು. ಆದರೆ ಕರಗಿಸಿದ ಸೀಸವನ್ನು ಕಬ್ಬಿಣದ ಅಚ್ಚಿಗೆ ಹೊಯ್ದರೆ, ಪೂರ್ತಿ ತುಂಬುವ ಮೊದಲೇ ಗಟ್ಟಿಯಾಗಿ, ಒಣಗಿದ ಬಾರೆಹಣ್ಣಿನಂತೆ ಸುಕ್ಕುಗಟ್ಟಿ ಹೊರಬೀಳುತ್ತಿತ್ತು.

“ಅಚ್ಚು ತಣ್ಣಗೈತ್ರಿ ಮಾಮಾ, ಮೊದಲ ಅದನ್ನ ಕಾಸೂಣು,” ಎಂದೆ.

“ನಿನಗೇನ್ ತಿಳೀತೈತಲೇ? ಯಾರದೋ ದೃಷ್ಟಿ ತಾಗೇತಿ!”

ಜನ್ಮದಲ್ಲಿ ಗಾಳ ಹಾಕಿ ಒಂದು ಕಪ್ಪೆಯನ್ನೂ ಮೇಲೆತ್ತದ ಮಹಾಶಯರು, ಎರಡು ಒಣಮೆಣಸಿನಕಾಯಿ ತಂದು ಅಚ್ಚಿಗೆ ನಿವಾಳಿಸಿ ಬೆಂಕಿಗೆ ಹಾಕಿದರು. ಹೊಗೆ ಚೆನ್ನಾಗಿ ಬಡಿಯಲೆಂದು ಅಚ್ಚನ್ನೂ ಒಲೆಯ ಬಾಯಿಗೇ ಇಟ್ಟರು. ಯಾರಿಗೂ ಒಂದು ಕೆಮ್ಮೂ ಬರಲಿಲ್ಲ.

“ನೋಡು, ಘಾಟ ಇಲ್ಲ! ಖರೇನ ದೃಷ್ಟಿ ಆಗಿತ್ತು.”

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ನಮ್ಮೂರ ಕಾಯಿಗೆ ಬರೇ ಬಣ್ಣ ರೀ ಅಳಿಯಂದ್ರ, ಥೇಟ್ ನಿಮ್ಮ ಮಾತಿನಂಗ. ಘಾಟ ಎಲ್ಲಿಂದ ಬರಬೇಕು?”

ಅಷ್ಟರಲ್ಲಿ ಅಚ್ಚು ಬಿಸಿಯಾಗಿತ್ತು. ಸೀಸ ಹೊಯ್ದೆ, ನುಣ್ಣನೆಯ ಗುಂಡು ಬಿತ್ತು. ಕಾದದ್ದು ಅಚ್ಚು, ಉಬ್ಬಿದ್ದು ಮಾತ್ರ ನಮ್ಮ ಮಾಮಾ. ಸಂಜೆಯತನಕ ಓಣಿಯವರಿಗೆಲ್ಲ ತಾವು ದೃಷ್ಟಿ ತೆಗೆದ ಕಥೆಯನ್ನೇ ಹೇಳಿದರು. ಇಂಥವರಿಗೆ ಬುದ್ಧಿ ಹೇಳುವುದಕ್ಕಿಂತ ಒಲೆಗೆ ಕಟ್ಟಿಗೆ ಒಟ್ಟುವುದು ಲೇಸು.

ಮರುದಿನ ಹೊಳೆಯಲ್ಲಿ ಗುಂಡು ನೆಟ್ಟಗೆ ತಳ ಹಿಡಿಯಿತು, ನನಗೊಂದು ದೊಡ್ಡ ಮೀನು ಸಿಕ್ಕಿತು. ಅದರ ತಲೆಯನ್ನು, ದೃಷ್ಟಿ ತೆಗೆದವರ ಪಾಲೆಂದು, ಮಾಮಾ ಕೇಳಿ ಹಾಕಿಸಿಕೊಂಡು ತಿಂದರು.