ಡಿಸ್ಕಿನ ಅಡಿಯಲ್ಲಿ ಉಳಿದ ದನಿ

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಡುವ ಆ ಗ್ರಂಥಾಲಯದಲ್ಲಿ ಕಂಪ್ಯೂಟರುಗಳ ಉಸ್ತುವಾರಿ ಒಬ್ಬ ಹೆಂಗಸಿನದು. ಅಲ್ಲಿ ಎಲ್ಲರಿಗೂ ಅವಳು ಪಟ್ಟಿಯಮ್ಮ. ಯಾವ ಯಂತ್ರದ ಮುಂದೆ ಕೂತರೂ ಮೊದಲು ಕಪ್ಪು ಪರದೆಯಲ್ಲಿ ಫೈಂಡ್‌ಮೌಂಟ್ ಎಂಬ ಆಜ್ಞೆ ಕೊಡುತ್ತಿದ್ದಳು. ಯಾವ ಡಿಸ್ಕು ಯಾವ ಫೋಲ್ಡರಿಗೆ ಜೋಡಣೆಯಾಗಿದೆ ಎಂಬ ಪಟ್ಟಿ ಕೊಂಬೆ ಕೊಂಬೆಯಾಗಿ ಮೂಡುತ್ತಿತ್ತು. ಅದನ್ನು ಓದಿ ಮುಗಿಸದೆ ಬೇರೆ ಕೆಲಸಕ್ಕೆ ಕೈ ಹಾಕಿದವಳೇ ಅಲ್ಲ.

ಮನೆಯಲ್ಲೂ ಅದೇ ಚಾಳಿ. ಬೀಗ ಹಾಕುವ ಮುಂಚೆ ಗ್ಯಾಸು, ನಲ್ಲಿ, ಕಿಟಕಿ, ಹಿಂದಿನ ಬಾಗಿಲು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತ ಅತ್ತೆ, ಮನೆಯನ್ನೇನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ, ಬೇಗ ಬಾ ತಾಯಿ ಎಂದು ಗೊಣಗುತ್ತಿದ್ದರು. ಅತ್ತೆಯದು ಎಂಥಾ ಗಂಟಲು ಅಂತೀರಿ! ಅದೇ ಗ್ರಂಥಾಲಯಕ್ಕೆ ವರ್ಷಗಟ್ಟಲೆ ಪುಕ್ಕಟೆಯಾಗಿ ಪುಸ್ತಕ ಓದಿದವರು ಅವರು. ಮೈಕಿನ ಮುಂದೆ ಬೆಣ್ಣೆಯಂಥ ದನಿ, ಅಡುಗೆಮನೆಯಲ್ಲಿ ಮಾತ್ರ ಸೊಸೆಯ ಮೇಲೆ ಹರಿಹಾಯುವುದೇ. ಮದುವೆಯಾಗಿ ಬಂದಾಗಿನಿಂದ ಒಂದು ಒಳ್ಳೆಯ ಮಾತು ಕೇಳಿದ ನೆನಪು ಪಟ್ಟಿಯಮ್ಮನಿಗೆ ಇರಲಿಲ್ಲ. ಆ ಬೇಜಾರು ಅವಳ ಹೊಟ್ಟೆಯೊಳಗೇ ಇತ್ತು.

ಆ ಗಂಟಲಿಗೇ ಗಂಟು ಬಂತು. ಆಪರೇಷನ್ ಆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದುಬಿಟ್ಟರು ಡಾಕ್ಟರು. ಅತ್ತೆ ಆಗ ಒಂದು ದೊಡ್ಡ ಕಾದಂಬರಿ ಓದುತ್ತಿದ್ದರು. ಆಸ್ಪತ್ರೆ ಸೇರುವ ಹಿಂದಿನ ದಿನ ಹಟ ಹಿಡಿದು ಗ್ರಂಥಾಲಯಕ್ಕೆ ಹೋಗಿ, ಉಳಿದ ಅಧ್ಯಾಯಗಳನ್ನೆಲ್ಲ ಒಂದೇ ಕೂತಲ್ಲಿ ಓದಿ ಮುಗಿಸಿ ಬಂದರು.

ಆಪರೇಷನ್ ಆಯಿತು. ಅತ್ತೆ ಸ್ಲೇಟು ಹಿಡಿದು ಮನೆಗೆ ಬಂದರು. ಅಷ್ಟರಲ್ಲಿ ಗ್ರಂಥಾಲಯದಲ್ಲಿ ನೋಡಿದರೆ, ಆ ಕೊನೆಯ ಅಧ್ಯಾಯಗಳೇ ಇಲ್ಲ! ರೆಕಾರ್ಡಿಂಗ್ ಮಾಡುವವನು, ನಾನೇ ಸೇವ್ ಮಾಡಿದ್ದೆ ಎಂದು ಆಣೆ ಇಟ್ಟ. ಯಾರು ನಂಬುತ್ತಾರೆ? ಬಟನ್ ಒತ್ತುವುದನ್ನೇ ಮರೆತಿರಬೇಕು ಎಂದು ಎಲ್ಲರೂ ಅವನ ಮುಖಕ್ಕೇ ಅಂದರು. ಪಟ್ಟಿಯಮ್ಮ ಇಡೀ ಯಂತ್ರದಲ್ಲಿ ಫೈಲಿನ ಹೆಸರು ಕೊಟ್ಟು ಹುಡುಕಿದಳು. ಸಿಗಲಿಲ್ಲ. ಬೇರೆಯವರಿಂದ ಓದಿಸಿ ಮುಗಿಸೋಣ ಎಂದರು ಮೇಲ್ವಿಚಾರಕರು. ಅದನ್ನು ಕೇಳಿ ಅತ್ತೆ ಸ್ಲೇಟಿನ ಮೇಲೆ 'ಹಾಗೇ ಮಾಡಲಿ' ಎಂದು ಬರೆದು ಗೋಡೆಯ ಕಡೆ ತಿರುಗಿ ಮಲಗಿದರು. ಎದುರಿಗೆ ಬೈದಿದ್ದರೆ ಸೊಸೆ ಸಹಿಸುತ್ತಿದ್ದಳು. ಆ ತಿರುಗಿದ ಬೆನ್ನನ್ನು ನೋಡಲು ಅವಳಿಂದ ಆಗಲಿಲ್ಲ.

ಈ ನಡುವೆ ಗ್ರಂಥಾಲಯಕ್ಕೆ ಹೊಸ ಯಂತ್ರ ಬಂತು. ಪುಸ್ತಕಗಳೆಲ್ಲ ಇದ್ದದ್ದು ಹಳೆಯ ಯಂತ್ರಕ್ಕೆ ಜೋಡಿಸಿದ ದೊಡ್ಡ ಡಿಸ್ಕಿನಲ್ಲಿ. ಅದನ್ನು ಬಿಚ್ಚಿ ಹೊಸದಕ್ಕೆ ಹಾಕುವುದು, ಹಳೆಯದರ ಒಳಗಿನ ಚಿಕ್ಕ ಡಿಸ್ಕನ್ನು ಪೂರ್ತಿ ಅಳಿಸಿ ಯಂತ್ರವನ್ನು ಯಾವುದೋ ಶಾಲೆಗೆ ಕೊಡುವುದು ಎಂದು ತೀರ್ಮಾನವಾಗಿತ್ತು. ಚಿಕ್ಕ ಡಿಸ್ಕಿನಲ್ಲಿ ಯಂತ್ರ ನಡೆಸುವ ಸಾಮಾನು ಬಿಟ್ಟು ಇನ್ನೇನಿರುತ್ತದೆ?

ಅಳಿಸಲು ಕೂತ ಪಟ್ಟಿಯಮ್ಮ ಅಭ್ಯಾಸಬಲದಿಂದ ಕೊನೆಯ ಸಲ ಪಟ್ಟಿ ತೆಗೆದಳು. ಈ ಸಲ ಯಾವ ಡಿಸ್ಕು ಎಷ್ಟು ತುಂಬಿದೆ ಎಂಬುದನ್ನೂ ತೋರಿಸು ಎಂದು ಆಜ್ಞೆಗೆ ಸೇರಿಸಿದಳು. ಚಿಕ್ಕ ಡಿಸ್ಕು ಬೇಕಾದ್ದಕ್ಕಿಂತ ಹೆಚ್ಚು ತುಂಬಿತ್ತು. ಅದರಲ್ಲಿ ಕಾಣುವ ಫೋಲ್ಡರುಗಳನ್ನೆಲ್ಲ ಕೂಡಿಸಿದರೂ ಲೆಕ್ಕ ತಾಳೆಯಾಗಲಿಲ್ಲ. ಏನೋ ಇದೆ, ಆದರೆ ಕಾಣುತ್ತಿಲ್ಲ.

ಆಗ ಅವಳಿಗೆ ನೆನಪಾಯಿತು. ಅತ್ತೆ ಕೊನೆಯ ಅಧ್ಯಾಯಗಳನ್ನು ಓದಿದ ದಿನ ಬೆಳಿಗ್ಗೆ ಕರೆಂಟು ಹೋಗಿ ಯಂತ್ರ ಮತ್ತೆ ಶುರುವಾಗಿತ್ತು. ದೊಡ್ಡ ಡಿಸ್ಕು ಜೋಡಣೆಯಾಗದೇ ಉಳಿದಿತ್ತು. ಮಾರನೆಯ ದಿನ ಆಸ್ಪತ್ರೆಗೆ ಹೊರಟ ಗಡಿಬಿಡಿಯಲ್ಲಿ ಅದನ್ನು ಕಂಡವಳು ಇವಳೇ. ನಿಂತ ಕಾಲಲ್ಲೇ ಡಿಸ್ಕನ್ನು ಜೋಡಿಸಿ ಓಡಿದ್ದಳು. ದೊಡ್ಡ ಡಿಸ್ಕು ಜೋಡಣೆಯಾಗದಿದ್ದಾಗ ಅದರ ಫೋಲ್ಡರಿಗೆ ಸೇವ್ ಮಾಡಿದ್ದು ಚಿಕ್ಕ ಡಿಸ್ಕಿಗೇ ಬೀಳುತ್ತದೆ, ಆಮೇಲೆ ದೊಡ್ಡದನ್ನು ಜೋಡಿಸಿದರೆ ಅದರ ಅಡಿಯಲ್ಲಿ ಮರೆಯಾಗುತ್ತದೆ. ಖಾಲಿ ಇರಬೇಕಾದ ಆ ಫೋಲ್ಡರಿನೊಳಗೆ ಏನಾದರೂ ಬಿದ್ದಿದೆಯೇ ಎಂದು ಅವಳು ನೋಡಿರಲಿಲ್ಲ. ನೆಲದ ಮೇಲೆ ಬಿದ್ದದ್ದನ್ನು ನೋಡದೆ ಅದರ ಮೇಲೇ ಚಾಪೆ ಹಾಸಿದ ಹಾಗಾಗಿತ್ತು.

ದೊಡ್ಡ ಡಿಸ್ಕನ್ನು ಕಳಚಲು ಹೋದರೆ ಯಂತ್ರ ಒಪ್ಪಲಿಲ್ಲ, ಯಾರೋ ಬಳಸುತ್ತಿದ್ದಾರೆ ಎಂದಿತು. ಪಕ್ಕದ ಕೋಣೆಯಲ್ಲಿ ರೆಕಾರ್ಡಿಂಗ್‌ನವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದೇ ಡಿಸ್ಕಿನ ಹಳೆಯ ಫೈಲುಗಳನ್ನು ಒಂದೊಂದಾಗಿ ತೆರೆದು ಕೇಳುತ್ತಿದ್ದ.

"ಬೇರೆ ಪುಸ್ತಕದ ಜೊತೆ ಸೇರಿಹೋಗಿದೆಯೇನೋ ಅಂತ ನೋಡ್ತಿದೀನಿ ಅಕ್ಕ. ಅಳಿಸೋದಕ್ಕೆ ಮುಂಚೆ ಇದೊಂದು ಮುಗಿಸ್ತೀನಿ," ಎಂದ.

"ಎಲ್ಲಾ ಮುಚ್ಚಿಬಿಡು," ಎಂದಳು ಅವಳು. "ತಪ್ಪು ನಿಂದಲ್ಲ. ನಂದು."

ಅವನು ಮುಚ್ಚಿದ. ಅವಳು ಡಿಸ್ಕು ಕಳಚಿ, ಖಾಲಿ ಇರಬೇಕಾದ ಫೋಲ್ಡರನ್ನು ತೆರೆದಳು. ಅಧ್ಯಾಯಗಳೆಲ್ಲ ಸಾಲಾಗಿ ಅಲ್ಲೇ ಕೂತಿದ್ದವು. ಅವನು ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡ. ಅವಳು ಮೇಲ್ವಿಚಾರಕರ ಕೋಣೆಗೆ ಹೋಗಿ, ಆದದ್ದೇನೆಂದು ಅವನ ಎದುರಿಗೇ ಹೇಳಿದಳು.

ಎಲ್ಲವನ್ನೂ ಹೊಸ ಯಂತ್ರಕ್ಕೆ ಇಳಿಸಿ, ಸರಿಯಾಗಿದೆಯೇ ಎಂದು ಕೊನೆಯ ಫೈಲನ್ನು ಪೂರ್ತಿ ಕೇಳಿದಳು. ಕಾದಂಬರಿ ಮುಗಿಯಿತು. ರೆಕಾರ್ಡಿಂಗ್ ಇನ್ನೂ ನಿಂತಿರಲಿಲ್ಲ. ಕುರ್ಚಿ ಸರಿದ ಸದ್ದು, ಆಮೇಲೆ ಅತ್ತೆಯ ದನಿ: "ಸಾಕಪ್ಪ, ಹೊರಡ್ತೀನಿ. ಪಾಪ, ಆ ಹುಡುಗಿ ನಾನು ಬರದೆ ಊಟಕ್ಕೆ ಕೂರಲ್ಲ. ನನ್ನ ಗಂಟಲು ಹೋಗೋ ದುಃಖ ನನಗಿಂತ ಅವಳಿಗೇ ಜಾಸ್ತಿಯಾಗಿದೆ. ಒಂದು ದಿನಾನೂ ನೆಟ್ಟಗೆ ಮಾತಾಡಿಸಲಿಲ್ಲ ಅವಳನ್ನ."

ಗಟ್ಟಿಗಿತ್ತಿ ಪಟ್ಟಿಯಮ್ಮ ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು.

ಸಂಜೆ ಮನೆಯಲ್ಲಿ ಅಧ್ಯಾಯಗಳನ್ನು ಅತ್ತೆಗೆ ಕೇಳಿಸಿದಳು. ಕೊನೆಯಲ್ಲಿ ಆ ಮಾತು ಬಂದಾಗ ಅತ್ತೆ ತಲೆ ತಗ್ಗಿಸಿದರು. ಆಮೇಲೆ ಸ್ಲೇಟು ಎಳೆದುಕೊಂಡು 'ಪುಸ್ತಕದಿಂದ ಅದನ್ನ ಕತ್ತರಿಸು' ಎಂದು ಬರೆದರು.

"ಗ್ರಂಥಾಲಯದ ಪ್ರತಿಯಲ್ಲಿ ಆಗಲೇ ಕತ್ತರಿಸಿದೀನಿ ಅತ್ತೆ. ಇದನ್ನ ನನಗೆ ಅಂತ ಬೇರೆ ಇಟ್ಕೊಂಡಿದೀನಿ."

ಅತ್ತೆ ಒರೆಸಿ ಮತ್ತೆ ಬರೆದರು: 'ಎಲ್ಲಿ?'

"ಕಾಣೋ ಜಾಗದಲ್ಲೇ," ಎಂದಳು ಸೊಸೆ.

ಅತ್ತೆ ಸ್ಲೇಟು ಕೆಳಗಿಟ್ಟು, ಎದ್ದು ಹೋಗಿ ಇಬ್ಬರಿಗೂ ತಟ್ಟೆ ಹಾಕಿದರು.